ಒಂಬತ್ತು ಸಿಲಿಂಡರಿನ ಎಂಜಿನ್

ಸ್ಕೂಟರಿನಿಂದ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡ ವರ್ಷ ನಾನು ವಿಮಾನದ ಎಂಜಿನ್ ಕಟ್ಟಿದೆ. ಪ್ಲಾಸ್ಟಿಕ್ಕಿನದು, ಅಂಗೈಯಲ್ಲಿ ಹಿಡಿಸುವಷ್ಟು ದೊಡ್ಡದು. ಪ್ಲಾಸ್ಟರ್ ಬಿಚ್ಚಿದ ಮೇಲೂ ನನ್ನ ಬೆರಳುಗಳು ಸರಿಯಾಗಿ ಮಡಚುತ್ತಿರಲಿಲ್ಲ. "ಕೈಗೆ ಸಣ್ಣ ಕೆಲ್ಸ ಕೊಡಿ ಮೇಡಂ, ಹೂ ಕಟ್ಟಿ, ಮಣಿ ಪೋಣಿಸಿ" ಎಂದರು ಫಿಸಿಯೋಥೆರಪಿಸ್ಟ್. ಹೂ ಕಟ್ಟುವುದು ನನಗೆ ಬರದು. ಯಲಹಂಕದ ನಮ್ಮ ಕಾಲೇಜಿನ ಸಹೋದ್ಯೋಗಿಯೊಬ್ಬರು ತಾವು ಕೊಂಡು ಡಬ್ಬಿಯಲ್ಲೇ ಬಿಟ್ಟಿದ್ದ ಮಾಡೆಲ್ ಕಿಟ್ ತಂದುಕೊಟ್ಟರು. ಹಳೆಯ ಕಾಲದ ವಿಮಾನದ ಎಂಜಿನ್; ನಡುವಿನ ಗುಂಡನೆಯ ಭಾಗದ ಸುತ್ತ ಹೂದಳದ ಹಾಗೆ ಒಂಬತ್ತು ಸಿಲಿಂಡರುಗಳು.

ಜಾಲಹಳ್ಳಿಯ ಬಾಡಿಗೆ ಮನೆಯ ಬಾಲ್ಕನಿಯಲ್ಲಿ, ಭಾನುವಾರಗಳಂದು, ಸಿಲಿಂಡರುಗಳನ್ನು ಅಂಟಿಸಿ ಬೆಳ್ಳಿ ಬಣ್ಣ ಬಳಿದೆ. ನೀರಿನ ಟ್ಯಾಂಕ್ ನೋಡಲು ಮೇಲೆ ಬಂದ ಮನೆ ಮಾಲೀಕರು ಅದನ್ನು ಕಂಡು ನಿಂತರು. ಅವರು ವಾಯುಪಡೆಯಲ್ಲಿ ಎಂಜಿನ್ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಅಲ್ಲಿಯವರೆಗೆ ನಮ್ಮಿಬ್ಬರ ಮಾತು ಮೋಟಾರ್ ಆನ್, ಮೋಟಾರ್ ಆಫ್, ಅಷ್ಟೇ.

"ಏನಮ್ಮಾ ಇದು, ಹೊಸ ಪಾತ್ರೆ ಥರ ಹೊಳೀತಿದೆ! ಹಾರಿರೋ ಎಂಜಿನ್ ಹಿಂಗಿರಲ್ಲ."

"ಮತ್ತ ಹೆಂಗ ಇರ್ತದ್ರೀ?"

ನನ್ನ ವಿಜಯಪುರದ ಮಾತಿಗೆ ನಕ್ಕು ಅವರು ಕುರ್ಚಿ ಎಳೆದುಕೊಂಡರು.

ಅವರು ಹೇಳಿದಂತೆ ಕಪ್ಪು ಬಣ್ಣವನ್ನು ತಿನ್ನರಿನಲ್ಲಿ ನೀರು ನೀರಾಗಿ ಕಲಸಿ ಸಿಲಿಂಡರುಗಳ ಮೇಲೆ ಹರಿಬಿಟ್ಟು, ಬಟ್ಟೆಯಿಂದ ಒರೆಸಿದೆ. ಅದುವರೆಗೆ ಕಾಣದಿದ್ದ ಸಣ್ಣ ಸಣ್ಣ ಗೆರೆಗಳೆಲ್ಲ ಎದ್ದು ನಿಂತವು. ಹಳೆಯ ಚಾರ್ಜರ್ ವೈರಿನಿಂದ ತಾಮ್ರದ ಎಳೆ ಬಿಡಿಸಿ ಸ್ಪಾರ್ಕ್ ಪ್ಲಗ್ಗಿನ ತಂತಿ ಮಾಡಿದೆ. ಒಂದು ತಂತಿ ಕೂರಿಸುವಷ್ಟರಲ್ಲಿ ಇಡೀ ಬೆಳಗು ಮುಗಿದುಹೋಗುತ್ತಿತ್ತು. ಅವರು ಮಾತ್ರ ಕೈ ಹಚ್ಚುತ್ತಿರಲಿಲ್ಲ. "ಕೆಲ್ಸ ಬೇಕಿರೋದು ನಿಮ್ ಕೈಗೆ ತಾನೇ" ಎನ್ನುತ್ತಿದ್ದರು.

ಎದ್ದು ಹೋಗುವ ಮುಂಚೆ ಪ್ರತಿ ಸಲವೂ ಒರೆಸುವ ಬಟ್ಟೆಯ ಚೂರುಗಳನ್ನು ಎಣಿಸಿಡುತ್ತಿದ್ದರು. ಒಮ್ಮೆ ಯಾಕೆಂದು ಕೇಳಿದೆ.

"ಸರ್ವೀಸಿಗೆ ಸೇರಿದ ಹೊಸದ್ರಲ್ಲಿ ಒಂದಿನ ಎಂಜಿನ್ ಮುಚ್ಚಿ ಸಹಿ ಹಾಕ್ಬಿಟ್ಟೆ. ವಿಮಾನ ರನ್‌ವೇ ಕಡೆ ಹೊರಟ ಮೇಲೆ ನೋಡ್ತೀನಿ, ಒಂದು ಬಟ್ಟೆ ಕಮ್ಮಿ."

"ಅಯ್ಯ! ಏನ್ ಮಾಡಿದ್ರಿ?"

"ಸಾಹೇಬ್ರ ಹತ್ರ ಓಡ್ದೆ. ನಂದೇ ತಪ್ಪು, ನಿಲ್ಸಿ ಅಂದೆ. ವಿಮಾನ ವಾಪಸ್ ಕರೆಸಿದ್ರು, ಬಟ್ಟೆ ಒಳಗೇ ಇತ್ತು. ಬೈದ್ರು, ಶಿಕ್ಷೆನೂ ಆಯ್ತು. ಆದ್ರೆ ಆ ಪೈಲಟ್ ಬಂದು ಕೈ ಕುಲುಕಿದ್ರು ಕಣಮ್ಮ."

ಎಣಿಸಿದ ಚೂರುಗಳನ್ನು ಒಪ್ಪವಾಗಿ ಮಡಚಿಟ್ಟು ಅವರು ಎದ್ದರು.

ಅಷ್ಟರಲ್ಲಿ ನನ್ನ ಬೆರಳುಗಳು ಹೇಳಿದ ಮಾತು ಕೇಳತೊಡಗಿದ್ದವು. ಮುಂದಿನ ಭಾನುವಾರ ನಾನೊಬ್ಬಳೇ ಕೂತು ಹೊಗೆ ಕೊಳವೆಗಳಿಗೆ ತುಕ್ಕಿನ ಬಣ್ಣ ಹಚ್ಚಿ ಅಂಟಿಸಿದೆ. ಮುಗಿದ ಮೇಲೆ ನೋಡಿದರೆ ಒಂದು ಕೊಳವೆ ತಿರುಗುಮುರುಗಾಗಿತ್ತು. ಅವರು ಬಂದು ನೋಡಿ "ಫಸ್ಟ್ ಕ್ಲಾಸ್!" ಎಂದರು. ತಪ್ಪು ಅವರ ಕಣ್ಣಿಗೆ ಬಿದ್ದಿರಲಿಲ್ಲ. ಸುಮ್ಮನಿದ್ದುಬಿಡೋಣ ಎನಿಸಿತು, ಆಗಲಿಲ್ಲ.

"ಅಂಕಲ್, ಕೆಳಗಿಂದೊಂದು ಉಲ್ಟಾ ಹಚ್ಚೀನ್ರೀ."

ಕನ್ನಡಕ ಏರಿಸಿ ನೋಡಿದವರೇ ಜೋರಾಗಿ ನಕ್ಕರು. "ಹೌದಲ್ವಾ! ಸರಿ, ಕೀಳಿ ಮತ್ತೆ."

ಬ್ಲೇಡಿನ ತುದಿಯಿಂದ ಬಿಡಿಸಿ, ನೆಟ್ಟಗೆ ಕೂರಿಸಿ, ಕಿತ್ತ ಜಾಗಕ್ಕೆ ಇನ್ನೊಮ್ಮೆ ಬಣ್ಣ ತಾಗಿಸಿದೆ. ಬಣ್ಣ ಒಣಗಿದ ಮೇಲೆ ಹೆಂಡತಿಗೆ ತೋರಿಸುತ್ತೇನೆಂದು ಅವರು ಎಂಜಿನ್ನನ್ನು ಅಂಗೈ ಮೇಲಿಟ್ಟುಕೊಂಡು ಕೆಳಗಿಳಿದರು. ಅದರ ಒಂದೊಂದೇ ಭಾಗದ ಹೆಸರು ಹೇಳಿ ವಿವರಿಸುತ್ತಿದ್ದುದು ಮೆಟ್ಟಿಲವರೆಗೂ ಕೇಳಿಸುತ್ತಿತ್ತು. ನಾನು ಅದನ್ನು ವಾಪಸ್ ಕೇಳಲಿಲ್ಲ. ಈಗಲೂ ಅದು ಅವರ ಟಿವಿ ಪಕ್ಕದಲ್ಲೇ ಇದೆ.