ಜಡ್ಜಮ್ಮನ ಬಾಡಿಗೆ ವಿಚಾರಣೆ

ನಮ್ಮ ದೊಡ್ಡಮ್ಮನಿಗೆ ಬೀದಿಯವರು ಇಟ್ಟ ಹೆಸರು ಜಡ್ಜಮ್ಮ. ಓದಿದ್ದು ಬರೀ ಏಳನೆಯ ಕ್ಲಾಸು. ಆದರೂ ಅವಳ ಕೆಳಗಿನ ಮನೆಯನ್ನು ಬಾಡಿಗೆಗೆ ಕೇಳಿ ಬಂದವರು ಕಟಕಟೆಯಲ್ಲಿ ನಿಂತಂತೆ ಬೆವರುತ್ತಿದ್ದರು. ಯಾರಿಗೆ ಹಳೆ ಸಾಲವಿದೆ, ಯಾರ ಮೇಲೆ ಕೋರ್ಟಿನ ತೀರ್ಪು ಬಿದ್ದಿದೆ ಎಂದು ಕಂಪ್ಯೂಟರಿನಲ್ಲಿ ಹುಡುಕಿ ಹೇಳುವ ಗುಮಾಸ್ತ ನಾನು. ಸಂಬಳ ಒಂದು ಲೋಟ ಟೀ, ಅದೂ ತಣ್ಣಗಿರುತ್ತಿತ್ತು. ಹೀಗೆ ಐದು ತಿಂಗಳಲ್ಲಿ ಹನ್ನೊಂದು ಜನರನ್ನು ಓಡಿಸಿದೆವು. ಮನೆ ಖಾಲಿ ಬಿದ್ದಿತ್ತು.

ಹನ್ನೆರಡನೆಯವಳು ಟೈಲರಮ್ಮ. ಅವಳಿದ್ದ ಮನೆಯನ್ನು ಹತ್ತು ದಿನದಲ್ಲಿ ಕೆಡವುವವರಿದ್ದರು. ಜೊತೆಗಿದ್ದ ತಾಯಿಗೆ ಮಂಡಿನೋವು, ಮಹಡಿ ಮನೆ ಆಗುತ್ತಿರಲಿಲ್ಲ. ನಾನು ಹುಡುಕಿದೆ. ಅಯ್ಯೋ, ಸಿಕ್ಕೇಬಿಟ್ಟಿತು! ಹೊಲಿಗೆ ಮೆಷಿನ್ನುಗಳ ಸಾಲ ಕಟ್ಟಿಲ್ಲವೆಂದು ಅವಳ ಮೇಲೊಂದು ತೀರ್ಪು. ಅದನ್ನು ಓದಿ ಹೇಳಿದೆ.

"ನೋಡಮ್ಮ, ಕೋರ್ಟ್ ಕೇಸಿನವರಿಗೆ ಇಲ್ಲಿ ಮನೆ ಇಲ್ಲ," ಎಂದಳು ದೊಡ್ಡಮ್ಮ.

ಟೈಲರಮ್ಮ ಅಳಲಿಲ್ಲ, ಗೋಗರೆಯಲೂ ಇಲ್ಲ. ಚೀಲದಿಂದ ರಸೀದಿಗಳ ಕಟ್ಟು ತೆಗೆದಿಟ್ಟಳು. "ತೀರ್ಪು ಬಂದ್ಮೇಲೆ ಇಪ್ಪತ್ತೆರಡು ಕಂತು ಕಟ್ಟಿದೀನಿ, ಒಂದೂ ತಪ್ಪಿಸಿಲ್ಲ. ಹೋದ ತಿಂಗಳು ಪೂರ್ತಿ ತೀರ್ತು. ಬೇಜಾರು ಮಾಡ್ಕೋಬೇಡಿ, ನಾನೂ ನಿಮ್ಮ ಬಗ್ಗೆ ವಿಚಾರಿಸ್ದೆ."

"ನನ್ನ ಬಗ್ಗೇನಾ?"

"ಹಿಂದೊಮ್ಮೆ ಇಲ್ಲಿ ಬಾಡಿಗೆಗಿದ್ದ ಕಾಂಪೌಂಡರ್ ಸಿಕ್ಕಿದ್ರು. ಗೋಡೆ ಕೊಳೆಯಾಗಿದೆ ಅಂತ ಅವರ ಅಡ್ವಾನ್ಸ್ ನೀವೇ ಇಟ್ಕೊಂಡ್ರಂತೆ. ವಾಪಸ್ ಕೊಡಿ ಅಂತ ಕೋರ್ಟ್ ಹೇಳಿ ವರ್ಷ ಆಯ್ತಂತೆ. ಒಂದು ಪೈಸೆ ಬಂದಿಲ್ವಂತೆ."

ಊರವರ ಹೆಸರನ್ನೆಲ್ಲ ಜಾಲಾಡಿದ ಮಹಾಬುದ್ಧಿವಂತ ನಾನು, ದೊಡ್ಡಮ್ಮನ ಹೆಸರೊಂದನ್ನು ಹುಡುಕಿರಲಿಲ್ಲ. ನಗು ತಡೆಯಲಾರದೆ ಕೆಮ್ಮಿದೆ.

"ನೀನು ಬಾಯಿ ಮುಚ್ಚು!" ಎಂದು ದೊಡ್ಡಮ್ಮ ರೇಗಿದಳು. ನಾನು ಬಾಯಿ ತೆರೆದೇ ಇರಲಿಲ್ಲ. ಆಮೇಲೆ ಟೈಲರಮ್ಮನತ್ತ ತಿರುಗಿ, "ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಬಂದೆ?" ಎಂದಳು.

"ಇನ್ನೇನು ಮಾಡ್ಲಿ? ಅಮ್ಮನ್ನ ಬೀದೀಲಿ ಕೂರಿಸೋಕಾಗುತ್ತಾ?"

ದೊಡ್ಡಮ್ಮನ ಮುಖ ಇಷ್ಟು ಚಿಕ್ಕದಾಯಿತು. ಒಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ಕೀ ಇತ್ತು. "ಅಡ್ವಾನ್ಸ್ ನನ್ನ ಕೈಗೆ ಕೊಡ್ಬೇಡ, ಖರ್ಚಾಗಿಬಿಡುತ್ತೆ. ನೆಟ್ಟಗೆ ಹೋಗಿ ಆ ಕಾಂಪೌಂಡರ್‌ಗೆ ಕೊಡು."

ಟೈಲರಮ್ಮ ಕೀ ಮುಟ್ಟಲಿಲ್ಲ. "ಕೊಡ್ತೀನಿ. ಆದ್ರೆ ಅದು ನನ್ನ ಅಡ್ವಾನ್ಸ್, ಮನೆ ಬಿಡೋವಾಗ ವಾಪಸ್ ಕೊಡ್ತೀನಿ ಅಂತ ನೀವು ಬರ್ಕೊಡಿ."

ನಾನು ಕಾಗದ, ಪೆನ್ನು ತಂದಿಟ್ಟೆ. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಬರೆದಳು, ಸಹಿ ಹಾಕಿದಳು. ಆಮೇಲೆ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು, "ಓದಿ ನೋಡಮ್ಮ, ಸರಿಯಾಗಿದ್ಯಾ?" ಎಂದು ಕೇಳುತ್ತಾ ನಿಂತಳು.