ಅಡುಗೆಮನೆಯ ಗಿಳಿಗಳು

ಕಂಡವರ ಮನೆಯ ತಂತಿಗಳನ್ನೆಲ್ಲ ನೆಟ್ಟಗೆ ಮಾಡುವ ನಮ್ಮ ವೈರ್‌ಮನ್, ತಾನಿದ್ದ ಬಾಡಿಗೆಮನೆಯಲ್ಲಿ ಮಾತ್ರ ಮಿಕ್ಕಿದ ತುಂಡುತಂತಿಗಳಿಗೆ ಗಂಟು ಹಾಕಿಯೇ ಕಾಲ ತಳ್ಳಿದವನು. ಊರಿಗೆಲ್ಲ ಬುದ್ಧಿ ಹೇಳುವ ನಮ್ಮಂಥವರು ಇದಕ್ಕೆ ನಗುವ ಹಾಗಿಲ್ಲ. ಅವನು ಆ ಮನೆ ಬಿಟ್ಟು ಎರಡು ವರ್ಷವಾಗಿತ್ತು. ಅಲ್ಲಿಗೆ ಹೊಸದಾಗಿ ಬಂದ ಟೀಚರಮ್ಮ ರಿಪೇರಿಗೆ ಕರೆಸಿದ್ದು ಇವನನ್ನೇ. ಮೊದಲು ಇಲ್ಲಿದ್ದವನು ನಾನೇ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಆಕೆ ಸ್ವಿಚ್‌ಬೋರ್ಡ್ ತೋರಿಸಿದರು.

“ಯಾವ ಪುಣ್ಯಾತ್ಮ ಮಾಡಿದ್ದೋ ಇದನ್ನ! ಮುಟ್ಟಿದ್ರೆ ಶಾಕು.”

“ಯಾರೋ ಅರೆಬರೆ ಕಲಿತೋನು, ಮೇಡಂ,” ಎಂದುಬಿಟ್ಟ.

ಅಲ್ಲಿಗೆ ಬಾಯಿಗೆ ಬೀಗ ಬಿತ್ತು. ಅಡುಗೆಮನೆಯ ಗೋಡೆಯ ಮೇಲೆ, ಬಾಗಿಲಿಗೆ ಬಳಿದು ಉಳಿದ ಬಣ್ಣದಲ್ಲಿ ಅವನ ಹೆಂಡತಿ ಬರೆದಿದ್ದ ಎರಡು ಹಸಿರು ಗಿಳಿಗಳು ಇನ್ನೂ ಕೂತಿದ್ದವು. ಮನೆ ಬಿಡುವ ದಿನ ಪಾತ್ರೆ ಕಟ್ಟುವುದು ಬಿಟ್ಟು ಅವುಗಳ ಮುಂದೆ ನಿಂತುಬಿಟ್ಟಿದ್ದಳು ಆಕೆ.

“ಇದು ಗಿಳಿನೋ ಬದನೆಕಾಯೋ ನೀವೇ ಹೇಳಿ,” ಟೀಚರಮ್ಮ ನಕ್ಕರು. “ಮೊದಲಿದ್ದವರದೇ ಇರಬೇಕು, ಗಂಡನಿಗೆ ತಕ್ಕ ಹೆಂಡತಿ!”

ಅವನೂ ನಕ್ಕ. ಆಕೆಗಿಂತ ಒಂದು ಕೈ ಜೋರಾಗಿಯೇ.

“ಹೊಸ ವೈರಿನ ಪೈಪು ಇದರ ಮೇಲೇ ಎಳೆದುಬಿಡಿ.”

ಮೂಲೆಯಲ್ಲಿ ಎಳೆಯಬಹುದಿತ್ತು. ಯಾಕೆ ಎಂದರೆ ಏನು ಹೇಳುವುದು? ಎಡಗಡೆಯ ಗಿಳಿಯ ಕತ್ತಿನ ಮೇಲೆ ಉಳಿ ಇಟ್ಟು ಸುತ್ತಿಗೆ ಎತ್ತಿದ. ಜೀವಮಾನದಲ್ಲೇ ಅಷ್ಟು ನೆಟ್ಟಗಿನ ಕೆಲಸ ಮಾಡಿರಲಿಲ್ಲ.

ಅವನು ಮನೆ ಸೇರುವ ಮೊದಲೇ ಹಳೇ ನೆರೆಮನೆಯಾಕೆಯ ಫೋನು ಹೆಂಡತಿಗೆ ಬಂದಾಗಿತ್ತು.

“ರೀ, ನಮ್ಮ ಹಳೇ ಮನೆಗೆ ಹೋಗಿದ್ರಂತೆ! ನನ್ನ ಗಿಳಿ ಇವೆಯಾ?”

“ಇವೆ.”

“ಅವರೇನಂದ್ರು?”

“ಚೆನ್ನಾಗಿವೆ ಅಂದ್ರು.”

ಅವಳ ಮುಖ ಅರಳಿತು. “ಹಾಗಾದ್ರೆ ಭಾನುವಾರ ಹೋಗಿ ಬರೋಣ. ಅವರಿಗೆ ಇನ್ನೆರಡು ಬರೆದುಕೊಡ್ತೀನಿ.”

ಅವನು ಸಲಕರಣೆಯ ಚೀಲ ಕೆಳಗಿಟ್ಟ. “ಒಂದೇ ಇರೋದು ಕಣೇ. ಇನ್ನೊಂದನ್ನ ಪೈಪಿಗೆ ಅಂತ ನಾನೇ ಒಡೆದೆ.”



“ಯಾವುದನ್ನ?”

“ಎಡಗಡೇದು.”

“ಹೋಗಲಿ ಬಿಡಿ. ಅದರ ಕೊಕ್ಕು ಸೊಟ್ಟಗಿತ್ತು,” ಎಂದಳು. “ಹೊಟ್ಟೆಪಾಡಿನ ಕೆಲಸ, ನೀವಾದ್ರೂ ಏನು ಮಾಡ್ತೀರಿ? ಕೈ ತೊಳ್ಕೊಳ್ಳಿ, ಬಡಿಸ್ತೀನಿ.”

ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಬಚ್ಚಲಲ್ಲಿ ತೊಳೆದ ಕೈಯನ್ನೇ ಮತ್ತೆ ಮತ್ತೆ ತೊಳೆದ. ಒಡೆದದ್ದನ್ನು ಹೇಳಿದ್ದಾಯಿತು. ನಕ್ಕದ್ದನ್ನು ಹೇಳಲು ನಾಲಿಗೆ ಏಳಲಿಲ್ಲ.