ಮಾಶೇಜಿಯ ಬೀರಿಗೆ ಲಿಂಡಾನಿ ಕಟ್ಟಿದ ತಂತಿ

ನಮ್ಮ ಎಡೆಂಡೇಲಿನ ಬೀದಿಯಲ್ಲಿ ಮಾಶೇಜಿ ಎಂದರೆ ಅನುಮಾನದ ಹೆಂಗಸು. ಬ್ರೆಡ್ಡು ಕೊಂಡರೆ ಮೂಸಿ ನೋಡುತ್ತಾಳೆ, ಚರ್ಚಿನಲ್ಲಿ ಕಣ್ಣು ಮುಚ್ಚುವ ಮೊದಲು ಕೈಚೀಲವನ್ನು ತೊಡೆಯ ಕೆಳಗೆ ಸೇರಿಸಿಕೊಳ್ಳುತ್ತಾಳೆ ಎಂದೆಲ್ಲ ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ ಬಿಡಿ, ಆಡಿಕೊಳ್ಳುವ ಬಾಯಿಗೆ ಬೀಗ ಹಾಕಿದವರು ಯಾರು? ಆದರೆ ಹದೇಬೆ ಮನೆಗೆ ಸೊಸೆಯಾಗಿ ಬಂದಾಗ ಅವಳು ಹೀಗಿರಲಿಲ್ಲ. ಹಗಲು ಬೂಟಿನ ಕಾರ್ಖಾನೆಯಲ್ಲಿ ಅಟ್ಟೆಗೆ ಗೋಂದು ಹಚ್ಚುತ್ತಿದ್ದಳು, ಸಂಜೆ ಅತ್ತೆಯ ಪಕ್ಕ ಕುಳಿತು ಜೋಳದ ಬೀರು ಮಾಡುವುದನ್ನು ಕಲಿಯುತ್ತಿದ್ದಳು. ಅತ್ತೆ ಹೋದ ಮೇಲೆ ಸುತ್ತಮುತ್ತ ಯಾರ ಮನೆಯಲ್ಲಿ ಮದುವೆಯಾಗಲಿ, ತಿಥಿಯಾಗಲಿ, ಬೀರು ಮಾಡುವುದಕ್ಕೆ ಮಾಶೇಜಿಯೇ ಬರಬೇಕು ಎನ್ನುವಂತಾಯಿತು.

ಎಲ್ಲ ಕೆಟ್ಟದ್ದು ಹೋದ ವರ್ಷ. ಅವಳ ಗಂಡ ಫಲಾಖೆ ಬಸ್ಸಿನ ಡ್ರೈವರು, ಕಲ್ಲುಗುಂಡಿನಂಥ ಆಳು. ಒಂದು ದಿನ ಊಟ ಮಾಡಿ ಮಲಗಿದವನು ಬೆಳಿಗ್ಗೆ ಏಳಲಿಲ್ಲ. ಮಣ್ಣು ಮಾಡುವ ದಿನ ಅವನ ಅಕ್ಕ ಜಿಬುಯೀಲೆ ಜನರೆಲ್ಲ ಕೇಳುವ ಹಾಗೆ, "ಗಟ್ಟಿಮುಟ್ಟಾಗಿದ್ದ ನನ್ನ ತಮ್ಮನಿಗೆ ಕೊನೇ ತುತ್ತು ಬಡಿಸಿದ ಕೈ ಯಾವುದು?" ಎಂದು ಕೇಳಿದಳು. ಅಷ್ಟು ಸಾಕಾಯಿತು. ಅಂದಿನಿಂದ ಹದೇಬೆ ಮನೆತನದ ಒಬ್ಬರೂ ಮಾಶೇಜಿಯ ಮನೆಯಲ್ಲಿ ತೊಟ್ಟು ನೀರು ಮುಟ್ಟಲಿಲ್ಲ.

ಈಗ ಅವಳು ಗಂಡನ ಸೂತಕಕ್ಕೆ ಉಟ್ಟಿದ್ದ ಕಪ್ಪು ಬಟ್ಟೆ ಕಳಚುವ ದಿನ ಹತ್ತಿರ ಬಂದಿತ್ತು. ಆ ದಿನ ಆಡು ಕಡಿದು, ಬೀರು ಇಟ್ಟು, ಸತ್ತವನನ್ನು ಹಿರೀಕರ ಜೊತೆ ಮನೆಗೆ ಕರೆಯಬೇಕು. ಬೀರನ್ನು ಮಾಡಬೇಕಾದವಳು ಹೆಂಡತಿಯೇ. ಅದು ಉಕ್ಕಿ ಬಂದು, ಗಂಡನ ಕಡೆಯವರು ಕುಡಿದರೆ ಅವಳು ಹದೇಬೆ ಮನೆಯವಳು. ಕೆಟ್ಟಿತೋ, ಕುಡಿಯಲಿಲ್ಲವೋ, ಗಂಡನನ್ನು ತಿಂದವಳು ಎಂದು ಊರೇ ಕೈತೋರಿಸುತ್ತದೆ. ಹಾಗೆ ಕೈತೋರಿಸಿದ ಹೆಂಗಸಿನ ಮನೆಗೆ ನಮ್ಮ ಕಡೆ ಕಲ್ಲೂ ಬೀಳುತ್ತದೆ, ಬೆಂಕಿಯೂ ಬೀಳುತ್ತದೆ. ಮಾಶೇಜಿಗೆ ಅದು ಚೆನ್ನಾಗಿ ಗೊತ್ತಿತ್ತು.

ಹಾಳಾದ್ದು, ಅದೂ ಜುಲೈ ತಿಂಗಳೇ ಆಗಬೇಕೆ? ನಮ್ಮ ಕಡೆ ಜುಲೈ ಎಂದರೆ ನಡುಚಳಿಗಾಲ, ಕೈ ಸೆಟೆದುಕೊಳ್ಳುವ ಚಳಿ. ಪರೀಕ್ಷೆಗೆಂದು ಸ್ವಲ್ಪ ಬೀರು ಮಾಡಿ, ಬಕೆಟ್ಟಿಗೆ ಎರಡು ಕಂಬಳಿ ಹೊದಿಸಿ ಇಟ್ಟಿದ್ದಳು. ಅದು ಒಂದು ಗುಳ್ಳೆಯನ್ನೂ ಬಿಡದೆ ಗಂಜಿಯ ಹಾಗೆ ಬಿದ್ದುಕೊಂಡಿತ್ತು. ಅವಳು ಅದರ ಮುಂದೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗಲೇ ಮೈದುನ ಲಿಂಡಾನಿ ವ್ಯಾನಿನಲ್ಲಿ ಹಳೆಯ ಫ್ರಿಜ್ಜೊಂದನ್ನು ಹೇರಿಕೊಂಡು ಬಂದ. ಫ್ರಿಜ್ಜು ರಿಪೇರಿಯೇ ಅವನ ಹೊಟ್ಟೆಪಾಡು.

"ಅತ್ತಿಗೆ, ಬೀರು ಏಳ್ತಿಲ್ವಂತೆ?"

"ಯಾರು ಹೇಳಿದ್ದು ನಿಂಗೆ?" ಮಾಶೇಜಿಯ ಕಿವಿ ನೆಟ್ಟಗಾಯಿತು.

"ಯಾರು ಹೇಳ್ಬೇಕು? ಈ ಚಳೀಲಿ ನಾನೇ ಏಳ್ತಿಲ್ಲ, ಇನ್ನು ಬೀರು ಏಳುತ್ತಾ? ಸರಿ ಸರಿ, ಜಾಗ ಬಿಡು."

"ತಣ್ಣಗಾಗೋ ಪೆಟ್ಟಿಗೇಲಿ ಬೀರು ಇಡ್ತೀಯಾ? ನನ್ನನ್ನ ಮಂಗ ಮಾಡೋಕೆ ಬಂದ್ಯಾ?"

"ಒಳಗೆ ಬಲ್ಬ್ ಇಡ್ತೀನಿ. ಚಳಿ ಆದ್ರೆ ಬಲ್ಬ್ ಹತ್ತುತ್ತೆ, ಸೆಕೆ ಆದ್ರೆ ಫ್ರಿಜ್ಜು ಓಡುತ್ತೆ. ಯಾವಾಗ ಯಾವುದು ಅಂತ ನೋಡ್ಕೊಳೋದಕ್ಕೆ ಈ ಡಬ್ಬಿ."

ಅವನು ಅಡುಗೆಮನೆಯ ನೆಲದ ಮೇಲೆ ಸಾಮಾನು ಹರಡಿ ಕೂತ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಯಂತ್ರ. ಮುಂದೆ ಕೆಂಪು ಅಂಕಿ, ಹಿಂದೆ ಸಾಲಾಗಿ ಸ್ಕ್ರೂಗಳು. ಅದನ್ನು ಖಾಲಿ ಐಸ್‌ಕ್ರೀಮ್ ಡಬ್ಬಿಯಲ್ಲಿ ತೂತು ಕೊರೆದು ಕೂರಿಸಿದ. ಮಾಶೇಜಿ ಸ್ಟೂಲು ಎಳೆದುಕೊಂಡು ಅವನ ಎದುರೇ ಕೂತು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡತೊಡಗಿದಳು. ಈ ಮನುಷ್ಯನಿಗೆ ಇದ್ದಕ್ಕಿದ್ದ ಹಾಗೆ ಯಾಕೆ ಪ್ರೀತಿ ಉಕ್ಕಿತು? ಅವಳು ಮಾಟಗಾತಿ ಎಂದಾದರೆ ಮನೆ ಯಾರ ಪಾಲಿಗೆ ಹೋಗುತ್ತದೆ? ತಮ್ಮನ ಪಾಲಿಗೆ. ಇದನ್ನು ತಿಳಿಯುವುದಕ್ಕೆ ವಕೀಲರು ಬೇಕೇ?

"ಆ ಚೋಟು ತಂತಿ ಯಾಕೆ? ಒಂದೇ ಡಬ್ಬೀಲಿ ಇಲ್ಲಿಂದ ಅಲ್ಲಿಗೆ?"

"ಈ ಯಂತ್ರ ತಾನಾಗಿ ಕರೆಂಟು ಕೊಡಲ್ಲ ಅತ್ತಿಗೆ. ಬರೀ ಬಾಗಿಲು ತೆಗೀತದೆ, ಹಾಕ್ತದೆ. ಬಾಗಿಲ ತನಕ ಫೇಸ್ ನಾವೇ ತಂದು ಬಿಡ್ಬೇಕು. ಒಂದು ಬಲ್ಬಿನ ಬಾಗಿಲಿಗೆ, ಒಂದು ಫ್ರಿಜ್ಜಿನ ಬಾಗಿಲಿಗೆ."

"ಹಸಿರು ತಂತಿ?"

"ಅದು ಅರ್ಥಿಂಗು. ನೀನು ಒದ್ದೆ ಕೈಲಿ ಮುಟ್ಟಿ ಸತ್ರೆ ನನ್ನ ತಲೆಗೆ ಬರುತ್ತಲ್ಲ, ಅದಕ್ಕೆ."

"ಸಾಯಿಸೋ ಯೋಚ್ನೆ ಇದೆ ಅನ್ನು."

ಲಿಂಡಾನಿ ನಕ್ಕ. ಅವಳು ನಗಲಿಲ್ಲ. ಬಲ್ಬಿನ ಬೆಳಕು ಬೀರಿಗೆ ಬೀಳದಂತೆ ತಗಡಿನ ಡಬ್ಬಿಯೊಳಗೆ ಅದನ್ನು ಕೂರಿಸಿದ, ಸ್ಕ್ರೂಗಳನ್ನು ಬಿಗಿ ಮಾಡಿ ಒಂದೊಂದು ತಂತಿಯನ್ನೂ ಜಗ್ಗಿ ನೋಡಿದ. ಮಾಶೇಜಿ ಚಹಾ ಮಾಡಿ ಮುಂದಿಟ್ಟಳು. ಅವನು "ಆಮೇಲೆ ಕುಡೀತೀನಿ" ಎಂದು, ಸ್ವಲ್ಪ ಹೊತ್ತಿಗೆ ತನ್ನ ಚೀಲದಿಂದ ಫ್ಲಾಸ್ಕು ತೆಗೆದು ಅದರಿಂದಲೇ ಬಗ್ಗಿಸಿಕೊಂಡು ಕುಡಿದ. ಅವಳ ಚಹಾದ ಮೇಲೆ ಕೆನೆ ಕಟ್ಟಿತು. ಮಾಶೇಜಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಲೋಟವನ್ನು ತೆಗೆದುಕೊಂಡು ಹೋಗಿ ಹಿತ್ತಲಿಗೆ ಚೆಲ್ಲಿ ಬಂದಳು.

ಮಾರನೆಯ ದಿನ ಅವಳು ಹಿರೀಕರ ಬೀರನ್ನು ಇಟ್ಟಳು. ಮುಸುಕಿನ ಜೋಳದ ಹಿಟ್ಟು, ಮೊಳಕೆ ಬರಿಸಿ ಒಣಗಿಸಿದ ಕೆಂಪು ಜೋಳ, ಕುದಿಸಿ ಆರಿಸಿದ ಗಂಜಿ, ಎಲ್ಲವೂ ಅವಳ ಕೈಯದೇ. ಬಕೆಟ್ಟು ಫ್ರಿಜ್ಜಿನೊಳಗೆ ಹೋಯಿತು. ಲಿಂಡಾನಿ ಯಂತ್ರದಿಂದ ಹೊರಟ ಉದ್ದನೆಯ ಕಪ್ಪು ತಂತಿಯ ತುದಿಯನ್ನು ಬಕೆಟ್ಟಿನ ಹೊಟ್ಟೆಗೆ ಒತ್ತಿ ಟೇಪು ಸುತ್ತಿದ. "ಇದೇ ಇದರ ನಾಲಿಗೆ. ಬೀರಿನ ಕಾವು ಇದಕ್ಕೆ ಗೊತ್ತಾಗ್ಬೇಕು. ಇದನ್ನ ಮಾತ್ರ ಮುಟ್ಬೇಡ" ಎಂದು ಹೇಳಿ ಹೋದ.

ಮುಟ್ಟಬೇಡ ಎಂದರೆ? ಬೀರು ಇಟ್ಟ ಮೇಲೆ ಸೋಸುವ ತನಕ ಆ ಪಾತ್ರೆಗೆ ಗಂಡಸಿನ ಕೈ ಸೋಕಬಾರದು ಎಂದು ಅತ್ತೆ ಸಾಯುವ ತನಕ ಹೇಳುತ್ತಿದ್ದಳು. ಈಗ ನೋಡಿದರೆ ಗಂಡಸು ಕಟ್ಟಿದ ತಂತಿಯೊಂದು ಹಿರೀಕರ ಬೀರಿಗೆ ನಾಲಿಗೆ ಚಾಚಿಕೊಂಡು ಕೂತಿದೆ. ಆ ಲೋಹದ ತುದಿಯೊಳಗೆ ಏನು ತುಂಬಿದ್ದಾನೋ ಯಾರು ಕಂಡರು? ಜಿಬುಯೀಲೆ ಯಾವ ಮದ್ದಿನವನ ಹತ್ತಿರ ಹೋಗಿ ಏನು ತಂದುಕೊಟ್ಟಿದ್ದಾಳೋ! ಟೇಪನ್ನು ಪರಪರ ಕಿತ್ತಳು, ಬಕೆಟ್ಟನ್ನು ಒರೆಸಿದಳು, ತಂತಿಯನ್ನು ಬಾಗಿಲ ಸಂದಿಯಿಂದ ಹೊರಗೆಳೆದು ಕಿಟಕಿಯ ಸರಳಿಗೆ ಸುತ್ತಿದಳು. ಫ್ರಿಜ್ಜಿನ ಬಾಗಿಲು ಹಾಕಿದ ಮೇಲೆಯೇ ಅವಳಿಗೆ ಉಸಿರು ಬಂದದ್ದು.

ಬೆಳಿಗ್ಗೆ ಎದ್ದು ಬಂದರೆ ಅಡುಗೆಮನೆಯಲ್ಲಿ ಸುಟ್ಟ ಗಂಜಿಯ ವಾಸನೆ. ಬಾಗಿಲು ತೆಗೆದಳು. ಹಬೆ ಮುಖಕ್ಕೆ ರಪ್ಪನೆ ಹೊಡೆಯಿತು. ಬಲ್ಬು ಧಗಧಗ ಉರಿಯುತ್ತಿತ್ತು. ಬಕೆಟ್ಟು ಮುಟ್ಟಲಾರದಷ್ಟು ಬಿಸಿ. ಮೇಲೆ ಬೂದು ಬಣ್ಣದ ಕೆನೆ, ಕೆಳಗೆ ಹುಳಿ ನೀರು. ಇಷ್ಟಾದರೂ ಯಂತ್ರದ ಮುಖದ ಮೇಲೆ ಹನ್ನೊಂದು ಡಿಗ್ರಿ ಎಂಬ ಅಂಕಿ ಏನೂ ಗೊತ್ತಿಲ್ಲದ ಹಾಗೆ ಕೂತಿತ್ತು. ಮಾಶೇಜಿ ಶಾಲು ಹೊದ್ದು ನೆಟ್ಟಗೆ ಲಿಂಡಾನಿಯ ಮನೆಗೆ ಹೋಗಿ, ಅವನ ಅಂಗಿಯ ಕೈ ಹಿಡಿದು ಎಳೆದುಕೊಂಡು ಬಂದಳು.

"ನೋಡು! ಕಣ್ತುಂಬ ನೋಡ್ಕೋ! ಮನೆ ಬೇಕಿದ್ರೆ ಕೇಳಿದ್ರೆ ಆಗ್ತಿತ್ತಲ್ಲೋ, ನಿಮ್ಮಣ್ಣನ ಬೀರು ಯಾಕೆ ಸುಟ್ಟೆ?"

ಲಿಂಡಾನಿ ಬೀರನ್ನು ನೋಡಿದ, ಬಲ್ಬನ್ನು ನೋಡಿದ. ಅಂಕಿ ನೋಡಿ ತಲೆ ಕೆರೆದುಕೊಂಡ. ಕಪ್ಪು ತಂತಿಯ ಜಾಡು ಹಿಡಿದು ಅವನ ಕಣ್ಣು ಬಾಗಿಲ ಸಂದಿಗೆ, ಅಲ್ಲಿಂದ ಕಿಟಕಿಯ ಸರಳಿಗೆ ಹೋಯಿತು. ಅವನ ಮುಖ ಕೆಂಪಾಯಿತು.

"ಇದನ್ನ ಯಾರು ಕಿತ್ತಿದ್ದು?"

ಮಾಶೇಜಿ ಶಾಲನ್ನು ಬಿಗಿಯಾಗಿ ಎಳೆದುಕೊಂಡಳು.

"ಅತ್ತಿಗೆ, ಈ ತುದಿ ರಾತ್ರಿಯೆಲ್ಲ ಚಳೀಲಿ ನೇತಾಡಿದೆ. ಬೀರು ತಣ್ಣಗಿದೆ, ಬಲ್ಬು ಹತ್ಲಿ, ಹತ್ಲಿ ಅಂತ ಇದು ಬಡ್ಕೊಂಡಿದೆ. ಪೆಟ್ಟಿಗೆ ಬೆಂಕಿ ಹಿಡೀದೇ ಇದ್ದದ್ದೇ ಹೆಚ್ಚು. ಬೇಕಂತ್ಲೇ ಕಿತ್ತೆ ಅಲ್ವಾ, ನನ್ನ ತಲೆಗೆ ಕಟ್ಟೋದಕ್ಕೆ?"

"ಬೇಕಂತ್ಲೇ ಕಿತ್ತೆ! ಅದರೊಳಗೆ ಮದ್ದು ಇಟ್ಟಿದ್ದೀಯ ಅಂತ ಕಿತ್ತೆ! ನನ್ನ ಚಹಾ ಮುಟ್ಟದೋನ ತಂತೀನ ನಾನು ಯಾಕಪ್ಪ ನಂಬ್ಲಿ?"

ಇಬ್ಬರೂ ಸುಟ್ಟ ಬೀರಿನ ಮುಂದೆ ನಿಂತು ಒಬ್ಬರನ್ನೊಬ್ಬರು ದುರುಗುಟ್ಟಿಕೊಂಡು ನೋಡಿದರು. ಕೊನೆಗೆ ಲಿಂಡಾನಿಯೇ ಕಣ್ಣು ಕೆಳಗೆ ಹಾಕಿದ.

"ಅಕ್ಕ ಕುಡೀಬೇಡ ಅಂದಿದ್ಲು," ಎಂದ ಮೆಲ್ಲಗೆ. "ಬರಬೇಡ ಅಂತಾನೂ ಅಂದಿದ್ಲು. ಆದ್ರೂ ಬಂದೆ. ಇನ್ನೊಂದ್ಸಲ ಇಡು ಅತ್ತಿಗೆ, ಹೊತ್ತಿದೆ. ಟೇಪು ನೀನೇ ಸುತ್ತು, ನಾನು ಬಕೆಟ್ ಮುಟ್ಟಲ್ಲ. ಇದನ್ನ ಯಾರಿಗೂ ಹೇಳಲ್ಲ."

ಹೇಳುವುದಿಲ್ಲ ಎಂಬ ಮಾತನ್ನು ಮಾಶೇಜಿ ನಂಬಲಿಲ್ಲ. ಆದರೂ ಬೇರೆ ದಾರಿ ಇರಲಿಲ್ಲ. ಸುಟ್ಟದ್ದನ್ನು ಚೆಲ್ಲಿ, ಬಕೆಟ್ಟು ತಿಕ್ಕಿ, ಮತ್ತೆ ಗಂಜಿ ಕಾಯಿಸಿದಳು. ತಂತಿಯ ತುದಿಯನ್ನು ಉಪ್ಪುನೀರಿನಲ್ಲಿ ತೊಳೆದು, ಅತ್ತೆಯ ಹೆಸರು ಹೇಳಿಕೊಂಡು ತಾನೇ ಬಕೆಟ್ಟಿಗೆ ಕಟ್ಟಿದಳು. ಬಲ್ಬು ಹತ್ತಿತು, ಆರಿತು, ಮತ್ತೆ ಹತ್ತಿತು. ಬೆಳಗಾಗುವ ಹೊತ್ತಿಗೆ ಬೀರು ಬುಸುಬುಸು ಎಂದು ಉಕ್ಕಿ ಬಕೆಟ್ಟಿನ ಅಂಚಿಗೆ ಬಂದಿತ್ತು.

ಕಾರ್ಯದ ದಿನ ಅಂಗಳ ತುಂಬ ಜನ. ಆಡು ಕಡಿದಾಗಿತ್ತು. ಮಾಶೇಜಿ ಕಪ್ಪು ಬಟ್ಟೆ ಕಳಚಿ ಹೂವಿನ ಲಂಗ ಉಟ್ಟು, ಕರಿಯ ಮಣ್ಣಿನ ಗಡಿಗೆಯನ್ನು ತಂದು ಜಿಬುಯೀಲೆಯ ಮುಂದೆ ಮಂಡಿಯೂರಿದಳು. ಜಿಬುಯೀಲೆ ಗಡಿಗೆಯ ಕಡೆ ನೋಡಲೇ ಇಲ್ಲ.

"ಮೊದ್ಲು ಇಟ್ಟಿದ್ದು ಕೆಟ್ಟಿತಂತೆ?" ಎಂದಳು ಗಟ್ಟಿಯಾಗಿ. "ಹಿರೀಕರು ಬೇಡ ಅಂದ್ರಂತೆ?"

ಮಾಶೇಜಿ ತಲೆಯೆತ್ತಿ ಲಿಂಡಾನಿಯನ್ನು ನೋಡಿದಳು. ಆಡಿನ ಚರ್ಮ ಸುಲಿಯುತ್ತಿದ್ದ ಅವನು ಚಾಕು ಕೆಳಗಿಟ್ಟು, ನೆಲ ನೋಡುತ್ತಾ ನಿಂತ. ಹೇಳಿಬಿಟ್ಟಿದ್ದಾನೆ, ಮುಠ್ಠಾಳ! ಅವಳು ಸುಳ್ಳು ಹೇಳಬಹುದಿತ್ತು, ಚಳಿಯ ಮೇಲೆ ಹಾಕಬಹುದಿತ್ತು.

"ಹಿರೀಕರಲ್ಲ ಅಕ್ಕ, ನಾನು ಕೆಡಿಸಿದ್ದು," ಎಂದಳು. "ನಿಮ್ಮ ತಮ್ಮ ಕಟ್ಟಿದ ತಂತೀಲಿ ನೀವು ಮದ್ದು ಇಡಿಸಿದ್ದೀರಿ ಅಂತ ಕಿತ್ತು ಹಾಕ್ದೆ. ಅದಕ್ಕೆ ಸುಟ್ಟೋಯ್ತು."

"ನಾನು? ಮದ್ದು?" ಜಿಬುಯೀಲೆ ಎದ್ದು ನಿಂತಳು. "ನನ್ನ ಮೇಲೆ ಅಂಥ ಮಾತು ಹೇಳೋಕೆ ನಿಂಗೆ ಏನೇ ಆಧಾರ?"

"ಏನೂ ಇಲ್ಲ," ಎಂದಳು ಮಾಶೇಜಿ. "ನಿಮಗೆ ಇದ್ದಷ್ಟೇ."

ಬೀರು ಮಾಡಿದವಳೇ ಎಲ್ಲರೆದುರು ಮೊದಲು ಕುಡಿದು ತೋರಿಸುವುದು ನಮ್ಮ ಪದ್ಧತಿ. ಮಾಶೇಜಿ ನೊರೆ ಸರಿಸಿ ಗಡಿಗೆ ಎತ್ತಿ ಕುಡಿದಳು.

"ಇನ್ನೊಂದು ಗುಟುಕು," ಎಂದಳು ಜಿಬುಯೀಲೆ.

ಕುಡಿದಳು.

"ಇನ್ನೂ."

ಮತ್ತೆ ಕುಡಿದಳು. ಗದ್ದದಿಂದ ಬೀರು ಇಳಿದು ಹೊಸ ಲಂಗದ ಮೇಲೆ ಬಿತ್ತು. ನಿಲ್ಲಿಸಲಿಲ್ಲ. ಗಡಿಗೆ ಅರ್ಧಕ್ಕೆ ಬಂದಿತು, ಕಣ್ಣಲ್ಲಿ ನೀರು ಬಂತು, ಕೆಮ್ಮು ಬಂತು, ಕೆಮ್ಮಿಕೊಂಡೇ ಕುಡಿದಳು. ಹಿಂದಿನಿಂದ ಯಾರೋ ಮುದುಕ, "ಸಾಕು ನಿಲ್ಸೇ ತಾಯಿ, ನಮಗೂ ಬಿಡು!" ಎಂದು ಕೂಗಿದ. ಒಂದಿಬ್ಬರು ನಕ್ಕರು. ಜಿಬುಯೀಲೆ ಬಗ್ಗಿ ಅವಳ ಕೈಯಿಂದ ಗಡಿಗೆಯನ್ನು ಕಿತ್ತುಕೊಂಡಳು.

ಒಂದು ಗಳಿಗೆ ಅದರೊಳಗೆ ನೋಡಿದಳು. ಆಮೇಲೆ ಬಾಯಿಗಿಟ್ಟು ತಳ ಕಾಣುವ ತನಕ ಕುಡಿದಳು. ಕುಡಿದವಳು ಬಾಯಿ ಒರೆಸಿಕೊಳ್ಳಲಿಲ್ಲ. ಮಾಶೇಜಿಯ ಎದುರು ನೆಲದ ಮೇಲೆ ಕೂತುಬಿಟ್ಟಳು. ಖಾಲಿ ಗಡಿಗೆ ಅವಳ ಮಡಿಲಲ್ಲಿತ್ತು.

"ಹಂಗಾದ್ರೆ ಅವನು ಸುಮ್‌ಸುಮ್ನೆ ಸತ್ತೋದ್ನೇನೇ?" ಎಂದಳು. "ಯಾರೂ ಏನೂ ಮಾಡ್ದೇನೇ?"

ಮಾಶೇಜಿ ಅವಳ ಎರಡೂ ಕೈ ಹಿಡಿದುಕೊಂಡಳು.

"ಹೂಂ ಅಕ್ಕ. ಸುಮ್ನೇ. ನನ್ನ ಪಕ್ಕದಲ್ಲೇ ಮಲಗಿದ್ದ, ನಂಗೂ ಗೊತ್ತಾಗ್ಲಿಲ್ಲ."